ಜನ ಸುಳ್ಳು ಬರೆದರೆ ಪ್ರಶ್ನಾವಳಿಗೆ ಏನು ಬೆಲೆ?

ಪ್ರಶ್ನೆ: ಮನಃಶಾಸ್ತ್ರದವರು ಪ್ರಶ್ನಾವಳಿ ಹಂಚಿ, ಜನ ಬರೆದುಕೊಟ್ಟಿದ್ದನ್ನು ಲೆಕ್ಕ ಹಾಕಿ ಸಂಶೋಧನೆ ಅನ್ನುತ್ತಾರೆ. ಅದರಲ್ಲಿ ಯಾರು ಏನು ಬೇಕಾದರೂ ಬರೆಯಬಹುದು, ಅಲ್ವಾ? ನಂಬುವುದು ಹೇಗೆ?

ಸುಳ್ಳು ಬರೆಯುವವರು ಇದ್ದೇ ಇರುತ್ತಾರೆ. ಆದರೆ ನನ್ನನ್ನು ಕೇಳಿದರೆ, ಅವರಿಗಿಂತ ಜಾಸ್ತಿ ಕೆಲಸ ಕೆಡಿಸುವುದು ಪ್ರಶ್ನೆ ಬರೆದವರು. ನಾನೂ ಅವರಲ್ಲೊಬ್ಬ. ವಿದ್ಯಾರ್ಥಿಯಾಗಿದ್ದಾಗ ಮಾಡಿದ ಮೊದಲ ಪ್ರಶ್ನಾವಳಿಯಲ್ಲಿ ‘ರಾತ್ರಿ ಚೆನ್ನಾಗಿ ನಿದ್ದೆ ಬಂದು ಬೆಳಿಗ್ಗೆ ಹುರುಪಿನಿಂದ ಏಳುತ್ತೀರಾ?’ ಅಂತ ಕೇಳಿದ್ದೆ. ಒಬ್ಬರು ‘ಹೌದು’, ‘ಇಲ್ಲ’ ಎರಡಕ್ಕೂ ಗುರುತು ಹಾಕಿ, ಪಕ್ಕದಲ್ಲಿ ‘ನಿದ್ದೆ ಬರುತ್ತೆ, ಹುರುಪು ಇರಲ್ಲ’ ಎಂದು ಬರೆದಿದ್ದರು. ಉಳಿದವರು ಸುಮ್ನೆ ಯಾವುದೋ ಒಂದಕ್ಕೆ ಗುರುತು ಹಾಕಿ ಕೊಟ್ಟಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ. ಆದರೂ ಆ ಉತ್ತರಗಳು ಒಂದಕ್ಕೂ ಬರಲಿಲ್ಲ.

ನನ್ನದು ದಡ್ಡತನ, ಬಿಡಿ. ಪಳಗಿದವರ ಪ್ರಶ್ನೆಯಲ್ಲೂ ಒಂದು ಪದ ಎಷ್ಟು ಆಟ ಆಡಿಸುತ್ತದೆ ನೋಡಿ. 1941ರಲ್ಲಿ ಡೊನಾಲ್ಡ್ ರಗ್ ಎಂಬವರು ಪ್ರಕಟಿಸಿದ ಪ್ರಯೋಗವೊಂದಿದೆ. ಪ್ರಜಾಪ್ರಭುತ್ವದ ವಿರುದ್ಧ ಮಾಡುವ ಭಾಷಣಗಳನ್ನು ಅಮೆರಿಕ ‘ನಿಷೇಧಿಸಬೇಕೇ’ ಎಂದು ಒಂದು ಗುಂಪಿಗೆ ಕೇಳಿದರು. ಶೇ. 46 ಜನ ಹೌದು ಅಂದರು. ಅಂಥ ಭಾಷಣಕ್ಕೆ ‘ಅವಕಾಶ ಕೊಡಬೇಕೇ’ ಎಂದು ಇನ್ನೊಂದು ಗುಂಪಿಗೆ ಕೇಳಿದಾಗ ಬೇಡ ಅಂದವರು ಶೇ. 62. ಅವಕಾಶ ಕೊಡದಿರುವುದೂ ನಿಷೇಧಿಸುವುದೂ ಒಂದೇ ತಾನೇ? ಅರ್ಥ ಒಂದೇ. ಆದರೆ ‘ನಿಷೇಧ’ ಗಡಸು ಮಾತು, ಅದಕ್ಕೆ ಹೂಂ ಅನ್ನಲು ಮನಸ್ಸು ಹಿಂಜರಿಯುತ್ತದೆ.

ಪದ ಬಿಡಿ, ಅಂಕಿಯೂ ಸುಮ್ಮನಿರುವುದಿಲ್ಲ. ಬದುಕಿನಲ್ಲಿ ಇಲ್ಲಿವರೆಗೆ ನೀವು ಎಷ್ಟು ಯಶಸ್ವಿ ಎಂದು ನಾರ್ಬರ್ಟ್ ಶ್ವಾರ್ಜ್ ಮತ್ತು ಜೊತೆಗಾರರು ಜರ್ಮನಿಯಲ್ಲಿ ಕೇಳಿದ್ದರು. ಕೆಲವರಿಗೆ ಕೊಟ್ಟ ಅಳತೆಪಟ್ಟಿ 0ಯಿಂದ 10ರವರೆಗೆ, ಉಳಿದವರಿಗೆ ಮೈನಸ್ 5ರಿಂದ ಪ್ಲಸ್ 5ರವರೆಗೆ. ಎರಡರಲ್ಲೂ 11 ಮನೆ, ತುದಿಯಲ್ಲಿ ಬರೆದ ಮಾತೂ ಅದೇ. 0–10ರ ಪಟ್ಟಿಯಲ್ಲಿ 5 ಅಥವಾ ಅದಕ್ಕಿಂತ ಕಡಿಮೆ ಆರಿಸಿದವರು ಶೇ. 34. ಇನ್ನೊಂದು ಪಟ್ಟಿಯಲ್ಲಿ ಅದೇ ಮನೆಗಳನ್ನು ಆರಿಸಿದವರು ಬರೀ ಶೇ. 13. ಸೊನ್ನೆ ಅಂದರೆ ‘ದೊಡ್ಡದೇನೂ ಸಾಧಿಸಲಿಲ್ಲ’ ಅಂತ ಜನ ಓದಿಕೊಂಡರು. ಮೈನಸ್ ಅಂದರೆ ‘ಸೋತುಹೋದೆ’ ಅಂತ. ತಾನು ಸೋತೆ ಅಂತ ಯಾರು ಬರೆದುಕೊಡುತ್ತಾರೆ?

ಇನ್ನು ಸುಳ್ಳಿನ ವಿಷಯ. ಪೂರ್ತಿ ಓದದೆ ಎಲ್ಲದಕ್ಕೂ ‘ಹೌದು’ ಒತ್ತುವವರನ್ನು ಹಿಡಿಯಲು ಮೊದಲು ಕೇಳಿದ್ದಕ್ಕೆ ಉಲ್ಟಾ ಅರ್ಥ ಕೊಡುವ ವಾಕ್ಯಗಳನ್ನು ನಡುನಡುವೆ ಸೇರಿಸುತ್ತಾರೆ. ತಾನು ಬಹಳ ಒಳ್ಳೆಯವನು ಎಂದು ತೋರಿಸಿಕೊಳ್ಳುವವರಿಗೂ ಅಳತೆಗೋಲಿದೆ. ಕ್ರೌನ್ ಮತ್ತು ಮಾರ್ಲೋ 1960ರಲ್ಲಿ ಮಾಡಿದ 33 ವಾಕ್ಯಗಳ ಪಟ್ಟಿ ಅದು. ಬೇರೆಯವರಿಗೆ ನೋವಾಗುವ ಮಾತನ್ನು ಬೇಕಂತ ಯಾವತ್ತೂ ಆಡಿಲ್ಲ ಅನ್ನುವಂಥ ವಾಕ್ಯಗಳು ಅದರಲ್ಲಿವೆ. ಇಂಥವಕ್ಕೆಲ್ಲ ‘ನಿಜ’ ಅಂದವರ ಉಳಿದ ಉತ್ತರಗಳನ್ನು ಸ್ವಲ್ಪ ಹುಷಾರಾಗಿ ಓದಬೇಕು.

ನನಗೆ ತುಂಬಾ ಇಷ್ಟವಾದದ್ದು ನಾಣ್ಯದ ಉಪಾಯ. ಮೂಲ ಯೋಚನೆ 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಕೊಟ್ಟಿದ್ದು. ಅದರ ಒಂದು ಸರಳ ರೂಪ ಹೀಗಿದೆ. ಪ್ರಶ್ನೆ: ‘ಪರೀಕ್ಷೆಯಲ್ಲಿ ಯಾವತ್ತಾದರೂ ಕಾಪಿ ಹೊಡೆದಿದ್ದೀರಾ?’ ಉತ್ತರಿಸುವ ಮೊದಲು ಯಾರಿಗೂ ಕಾಣದಂತೆ ನಾಣ್ಯ ಚಿಮ್ಮಬೇಕು. ಹೆಡ್ ಬಿದ್ದರೆ ಕಣ್ಣು ಮುಚ್ಚಿ ‘ಹೌದು’ ಅನ್ನಬೇಕು, ಟೇಲ್ ಬಿದ್ದರೆ ನಿಜ ಹೇಳಬೇಕು. 200 ಜನರಲ್ಲಿ 130 ‘ಹೌದು’ ಬಂತು ಅಂದುಕೊಳ್ಳಿ. ಅದರಲ್ಲಿ ಸುಮಾರು 100 ನಾಣ್ಯದ್ದು. ಉಳಿದ 100 ಜನರಲ್ಲಿ 30 ಜನ ನಿಜವಾಗಿ ಕಾಪಿ ಹೊಡೆದವರು, ಅಂದರೆ ಸುಮಾರು ಶೇ. 30. ಆ ಮೂವತ್ತು ಜನ ಯಾರು ಅಂತ ಕೇಳಿದವನಿಗೂ ಗೊತ್ತಾಗುವುದಿಲ್ಲ. ಹೆದರಿಕೆ ಇಲ್ಲದ ಮೇಲೆ ಸುಳ್ಳು ಹೇಳುವ ಅಗತ್ಯವೇ ಕಡಿಮೆ.

ಇಷ್ಟೆಲ್ಲ ಮಾಡಿದರೂ ಪ್ರಶ್ನಾವಳಿಗೆ ಎಟುಕದ್ದು ಒಂದಿದೆ. ಒಂಟಿತನ, ಭಯ, ಬೇಸರ ಇವನ್ನು ಕೇಳಿಯೇ ತಿಳಿಯಬೇಕು. ಆದರೆ ‘ಹೀಗಾದರೆ ನೀವು ಏನು ಮಾಡುತ್ತೀರಿ?’ ಎಂದು ಕೇಳಿ ಬಂದ ಉತ್ತರವನ್ನು ನಾನಂತೂ ಅಷ್ಟು ಸುಲಭವಾಗಿ ನಂಬುವುದಿಲ್ಲ. 1930ರ ದಶಕದ ಶುರುವಿನಲ್ಲಿ ಸಮಾಜಶಾಸ್ತ್ರಜ್ಞ ರಿಚರ್ಡ್ ಲಪಿಯೆರ್ ಒಬ್ಬ ಚೀನಿ ಯುವಕ ಮತ್ತು ಅವನ ಹೆಂಡತಿಯ ಜೊತೆ ಅಮೆರಿಕ ಸುತ್ತಿದರು. ಚೀನಿಯರ ಮೇಲೆ ಅಲ್ಲಿ ಜನಕ್ಕೆ ಬಹಳ ತಾತ್ಸಾರ ಇದ್ದ ಕಾಲ. 251 ಹೋಟೆಲು, ವಸತಿಗೃಹಗಳಿಗೆ ಹೋದರು. ಒಳಗೆ ಬಿಡದಿದ್ದದ್ದು ಒಂದೇ ಒಂದು. ಆರು ತಿಂಗಳ ನಂತರ ಅದೇ ಜಾಗಗಳಿಗೆ ‘ಚೀನಿಯರನ್ನು ಅತಿಥಿಗಳಾಗಿ ಸೇರಿಸಿಕೊಳ್ಳುತ್ತೀರಾ?’ ಎಂದು ಬರೆದು ಕೇಳಿದರು. 128 ಕಡೆಯಿಂದ ಉತ್ತರ ಬಂತು. ಶೇ. 90ಕ್ಕಿಂತ ಹೆಚ್ಚಿನವರು ಬರೆದದ್ದು: ಇಲ್ಲ.