ಪೊಟ್ಯಾಶ್ ಮೂಟೆಯೊಳಗಿನ ರಸವಿದ್ಯೆ

ಮೂಡಿಗೆರೆ ಕಡೆ ಹೂಮಳೆ ಬಿದ್ದು ಕಾಫಿ ಹೂ ಉದುರಿತೆಂದರೆ ಗಿಡದ ಬುಡಕ್ಕೆ ಗೊಬ್ಬರ ಹಾಕುವ ಗಡಿಬಿಡಿ. ಆಗ ಶೆಡ್ಡಿನಿಂದ ಹೊರಬರುವ ಕೆಂಪು ಪೊಟ್ಯಾಶನ್ನು ತೋಟದವರೆಲ್ಲ ಬಲ್ಲರು. 50 ಕೆಜಿ ಮೂಟೆಯಲ್ಲಿ ಸುಮಾರು 25 ಕೆಜಿ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ಬರೀ ಮೂರು ಗ್ರಾಂನಷ್ಟು ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ಬಗೆ. ಅಷ್ಟೇ ಸಾಕು, ಆ ಒಂದು ಮೂಟೆಯೊಳಗೆ ಸೆಕೆಂಡಿಗೆ ಏಳೂವರೆ ಲಕ್ಷದಷ್ಟು ಪರಮಾಣುಗಳು ಬೇರೆ ಧಾತುಗಳಾಗಿ ಬದಲಾಗುತ್ತಿರುತ್ತವೆ.

ಧಾತು ಯಾವುದೆಂದು ತೀರ್ಮಾನಿಸುವುದು ಪರಮಾಣುವಿನ ನ್ಯೂಕ್ಲಿಯಸ್‌ನಲ್ಲಿರುವ ಪ್ರೋಟಾನ್‌ಗಳ ಎಣಿಕೆ. ಪೊಟ್ಯಾಸಿಯಂಗೆ 19. ಪೊಟ್ಯಾಸಿಯಂ-40 ಬದಲಾಗುವಾಗ ನೂರರಲ್ಲಿ 89 ಸಲ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ, ಎಲೆಕ್ಟ್ರಾನೊಂದು ಹೊರಕ್ಕೆ ಚಿಮ್ಮುತ್ತದೆ. ಎಣಿಕೆ 20 ಆಯಿತು, ಕ್ಯಾಲ್ಸಿಯಂ ಹುಟ್ಟಿತು. ಉಳಿದ ಸಲ ನ್ಯೂಕ್ಲಿಯಸ್ ತನ್ನ ಸುತ್ತಲಿನ ಎಲೆಕ್ಟ್ರಾನೊಂದನ್ನು ನುಂಗಿ 18ಕ್ಕಿಳಿಯುತ್ತದೆ. ಅದು ಆರ್ಗಾನ್ ಅನಿಲ.

ಸೀಸವನ್ನು ಚಿನ್ನ ಮಾಡಲು ಕುಲುಮೆ ಊದಿದವರು ಸೋತದ್ದು ಇಲ್ಲೇ. ಬೆಂಕಿ, ಆಮ್ಲಗಳ ಆಟವೆಲ್ಲ ಹೊರಗಿನ ಎಲೆಕ್ಟ್ರಾನ್‌ಗಳ ಜೊತೆ. ನ್ಯೂಕ್ಲಿಯಸ್‌ಗೆ ಅದರ ಬಿಸಿ ತಟ್ಟುವುದೇ ಇಲ್ಲ. 1901ರಲ್ಲಿ ಮಾಂಟ್ರಿಯಲ್‌ನಲ್ಲಿ ಥೋರಿಯಂ ತಾನಾಗಿಯೇ ಬೇರೆ ಧಾತುವಾಗುತ್ತಿದೆ ಎಂದು ಅರಿವಾದಾಗ ರಸಾಯನ ವಿಜ್ಞಾನಿ ಫ್ರೆಡರಿಕ್ ಸಾಡಿ ಹಿಗ್ಗಿದರಂತೆ. ಜೊತೆಗಿದ್ದ ಭೌತವಿಜ್ಞಾನಿ ಅರ್ನೆಸ್ಟ್ ರುದರ್‌ಫೋರ್ಡ್ ಮಾತ್ರ, ಹಾಗೆಲ್ಲ ಹೇಳಬೇಡ, ನಮ್ಮನ್ನು ರಸವಾದಿಗಳೆಂದು ತಲೆ ತೆಗೆದಾರು ಎಂದು ತಡೆದರಂತೆ. 1908ರಲ್ಲಿ ರುದರ್‌ಫೋರ್ಡ್‌ಗೆ ನೊಬೆಲ್ ಬಂತು, ಅದೂ ರಸಾಯನ ವಿಜ್ಞಾನಕ್ಕೆ!

ಮೂಟೆ ಮುಟ್ಟಲು ಹೆದರಬೇಕಿಲ್ಲ. ನಮ್ಮ ಮೈಯಲ್ಲಿರುವ ಪೊಟ್ಯಾಸಿಯಂನಲ್ಲೂ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಪರಮಾಣುಗಳು ಇದೇ ಕೆಲಸ ಮಾಡುತ್ತಿವೆ. ಪೊಟ್ಯಾಸಿಯಂ-40ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಬದಲಾಗಲು ಹಿಡಿಯುವ ಕಾಲ, 125 ಕೋಟಿ ವರ್ಷ. ವರ್ಷವಿಡೀ ಕಾದರೂ ಮೂಟೆಯಲ್ಲಿ ಬದಲಾಗುವುದು ಗ್ರಾಂನ ನೂರು ಕೋಟಿ ಪಾಲಿನಲ್ಲಿ ಒಂದೆರಡು ಪಾಲು.

ಆದರೆ ಭೂಮಿಗೆ ಪುರುಸೊತ್ತು ಬೇಕಾದಷ್ಟಿತ್ತು. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 0.93ರಷ್ಟು ಆರ್ಗಾನ್, ಅದರ ಬಹುಪಾಲು ಕಲ್ಲಿನೊಳಗಿನ ಪೊಟ್ಯಾಸಿಯಂನಿಂದಲೇ ಹುಟ್ಟಿ ಸೋರಿ ಬಂದದ್ದು. ನನಗೆ ಇದಕ್ಕಿಂತ ದೊಡ್ಡ ರಸವಿದ್ಯೆ ಕಾಣದು.

ಹಾಸನದ ಗೊರೂರು ಸುತ್ತಲಿನ ನೈಸ್ (gneiss) ಎಂಬ ಶಿಲೆಗೆ ಸುಮಾರು 330 ಕೋಟಿ ವರ್ಷ ವಯಸ್ಸು. ಅದನ್ನು ಪತ್ತೆಮಾಡಿದ ದಾರಿಗಳಲ್ಲೊಂದು, ಕಲ್ಲಿನಲ್ಲಿ ಎಷ್ಟು ರುಬಿಡಿಯಂ ಸ್ಟ್ರಾನ್ಷಿಯಂ ಆಗಿ ಬದಲಾಗಿದೆ ಎಂದು ಅಳೆಯುವುದು. ಆ ಶಿಲೆ ಮೂಡಿದಾಗ ಇದ್ದ ಪೊಟ್ಯಾಸಿಯಂ-40ರಲ್ಲಿ ಈಗ ಉಳಿದಿರಬಹುದಾದ್ದು ಆರನೇ ಒಂದು ಪಾಲು.