ಕವಿಯ ಕಷ್ಟಕ್ಕೆ ಮರುಗುತ್ತೇವೆ, ಆ ಕಷ್ಟ ಎಲ್ಲಿಂದ ಬಂತು ಅಂತ ಕೇಳುವುದಿಲ್ಲ

ಧಾರವಾಡದಲ್ಲಿ ಬೇಂದ್ರೆಯವರ ಮಾತು ಬಂತೆಂದರೆ, ಸ್ವಲ್ಪ ಹೊತ್ತಿಗೆಲ್ಲ ಅವರ ತೀರಿಹೋದ ಮಕ್ಕಳ ಮಾತೂ ಬರುತ್ತದೆ. ಒಂಬತ್ತು ಮಕ್ಕಳಲ್ಲಿ ಉಳಿದದ್ದು ಮೂರೇ ಅಂತ ಒಬ್ಬರು ಹೇಳುತ್ತಾರೆ. ಒಂದು ಕವನಕ್ಕಾಗಿ ಜೈಲಿಗೆ ಹೋದರು ಅಂತ ಇನ್ನೊಬ್ಬರು. ಕೆಲಸ ಇಲ್ಲದೆ ವರ್ಷಗಟ್ಟಲೆ ಅಲೆದರು ಅಂತ ಮತ್ತೊಬ್ಬರು. ಎಲ್ಲರೂ 'ಪಾಪ' ಅನ್ನುತ್ತಾರೆ. ಆಮೇಲೆ ಯಾರಾದರೂ ಒಬ್ಬರು, ಅಷ್ಟು ನೋವು ಉಂಡಿದ್ದಕ್ಕೇ ಅಂಥ ಹಾಡು ಹುಟ್ಟಿದವು ನೋಡ್ರಿ ಅಂತ ಮಾತು ಮುಗಿಸುತ್ತಾರೆ. ಈ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ.

ಮರುಗುವುದು ತಪ್ಪಲ್ಲ. ನಾನೂ ಮರುಗುತ್ತೇನೆ. ಆದರೆ ನಮ್ಮ ಮರುಕ ಅರ್ಧ ದಾರಿಗೇ ನಿಂತುಬಿಡುತ್ತದೆ. ಕಷ್ಟ ಅಂದರೆ ಹಣೆಬರಹ, ಕವಿಯಾದವನಿಗೆ ಅದು ಇರಲೇಬೇಕು ಅನ್ನುವ ಹಾಗೆ ಮಾತಾಡಿ ಸುಮ್ಮನಾಗುತ್ತೇವೆ. ಆ ಕಷ್ಟ ತಂದದ್ದು ಯಾರು, ಯಾಕೆ ಅಂತ ಕೇಳುವುದೇ ಇಲ್ಲ.

ಈ ಅಭ್ಯಾಸ ಬಹಳ ಹಳೆಯದೇನೂ ಅಲ್ಲ. ಗದಗಿನ ವೀರನಾರಾಯಣ ಗುಡಿಗೆ ಹೋದರೆ ಒಂದು ಕಂಬ ತೋರಿಸುತ್ತಾರೆ, ಕುಮಾರವ್ಯಾಸ ಇಲ್ಲೇ ಕೂತು ಭಾರತ ಬರೆದ ಅಂತ. ಮಿಂದು ಬಂದು, ಒದ್ದೆ ಬಟ್ಟೆ ಆರುವ ತನಕ ಮಾತ್ರ ಬರೆಯುತ್ತಿದ್ದ ಅನ್ನುವ ಕಥೆಯೂ ಇದೆ. ಆ ಕಥೆಯಲ್ಲಿ ಭಕ್ತಿ ಇದೆ, ದೇವರ ಕೃಪೆ ಇದೆ, ಬಡತನದ ಸುದ್ದಿಯೇ ಇಲ್ಲ. ಕವಿಯೂ ತನ್ನ ಪಾಡು ಹೇಳಿಕೊಂಡವನಲ್ಲ. ಬರೆದದ್ದನ್ನು ಅಳಿಸಿ ತಿದ್ದದ ತನ್ನ ಅಗ್ಗಳಿಕೆಯನ್ನು ಎದೆಯುಬ್ಬಿಸಿ ಹೇಳಿಕೊಂಡ. ಕೇಳುವವರೂ ಅವನಿಂದ ಅದನ್ನೇ ಬಯಸಿದರು.

ತತ್ವಪದ ಹಾಡಿದ ಸಂತ ಶಿಶುನಾಳ ಶರೀಫರ ಕಾಲಕ್ಕೆ ಬಂದರೆ ಚಿತ್ರ ಸ್ವಲ್ಪ ಬದಲಾಗುತ್ತದೆ. 1819ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ ಹುಟ್ಟಿದವರು, ಕೆಲಕಾಲ ಸಾಲಿ ಮಾಸ್ತರಿಕೆ ಮಾಡಿದವರು, ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡವರು. 'ಮೋಹದ ಹೆಂಡತಿ ತೀರಿದ ಬಳಿಕ ಮಾವನ ಮನೆಯ ಹಂಗ್ಯಾಕೋ' ಅಂತ ಹಾಡಿದ್ದಾರಲ್ಲ, ಅದನ್ನು ಊರಿನ ಭಜನೆಯಲ್ಲಿ ಒಮ್ಮೆ ಕೇಳಿ ನೋಡಿ. ಯಾರೂ ಅಳುವುದಿಲ್ಲ. ದಮ್ಮಡಿ ಬಡಿಯುತ್ತಾ, ತಾಳ ಹಾಕುತ್ತಾ ಹಾಡುತ್ತಾರೆ. ಹೆಂಡತಿ ಹೋದ ನೋವು ಆ ಹಾಡಲ್ಲಿ ಸಂಸಾರದ ಹಂಗು ಹರಿದುಕೊಳ್ಳುವ ಮಾತಾಗಿದೆ. ಕೇಳುವವರು ಅದನ್ನು ತಮ್ಮ ಬದುಕಿಗೆ ಹಚ್ಚಿಕೊಳ್ಳುತ್ತಾರೆಯೇ ಹೊರತು 'ಪಾಪ ಶರೀಫಜ್ಜ' ಅನ್ನುವುದಿಲ್ಲ.

ಮರುಕ ಶುರುವಾದದ್ದು ಅಚ್ಚಿನ ಮನೆ ಬಂದ ಮೇಲೆ ಅಂತ ನನ್ನ ಅಂದಾಜು. ಪುಸ್ತಕ ಮಾರಿ ಬದುಕಬೇಕಾದ ಲೇಖಕ ಅನ್ನುವವನು ಹುಟ್ಟಿದ್ದೇ ಆಗ. ಗಳಗನಾಥರನ್ನೇ ನೋಡಿ. ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, ಹುಟ್ಟಿದ್ದು 1869ರಲ್ಲಿ, ಮಾಡಿದ್ದು ಮಾಸ್ತರಿಕೆ. ಮರಾಠಿ ಪುಸ್ತಕಗಳೇ ಮನೆಮನೆಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಕನ್ನಡದಲ್ಲಿ ಕಾದಂಬರಿ ಬರೆದು ಓದುಗರನ್ನು ಹುಟ್ಟಿಸಿದರು, 1907ರಲ್ಲಿ 'ಸದ್ಬೋಧ ಚಂದ್ರಿಕೆ' ಅನ್ನುವ ಮಾಸಪತ್ರಿಕೆ ಶುರು ಮಾಡಿದರು. ಇಂಥವರು ಮುಪ್ಪಿನಲ್ಲಿ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಆ ಗಂಟಿನ ಚಿತ್ರ ಹಾವೇರಿ ಕಡೆ ಇವತ್ತಿಗೂ ಎಲ್ಲರ ಬಾಯಲ್ಲಿದೆ. ಗಂಟು ಯಾಕೆ ಹೊರಬೇಕಾಯಿತು? ಊರಲ್ಲಿ ಕನ್ನಡ ಪುಸ್ತಕದ ಅಂಗಡಿ ಇರಲಿಲ್ಲ. ಓದು ಬಲ್ಲವರು ಕಡಿಮೆ. ಇದ್ದವರಲ್ಲೂ ಕೊಂಡು ಓದುವವರು ಇನ್ನೂ ಕಡಿಮೆ. ಅಚ್ಚಿಗೆ ಹಾಕಿದ ದುಡ್ಡು ಮಾತ್ರ ಲೇಖಕರದ್ದೇ. ತ್ಯಾಗ ಅಂತ ನಾವು ಹೊಗಳುವ ಈ ಕಥೆಯ ಒಳಗೆ ಇರುವುದು ಮಾರಾಟವಾಗದ ಪುಸ್ತಕ.

ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿಕೆ ಮಾಡಿದ ಫ.ಗು. ಹಳಕಟ್ಟಿಯವರದ್ದೂ ಹೀಗೇ. ವಚನ ಅಚ್ಚು ಹಾಕಲಿಕ್ಕೆ ಮನೆ ಮಾರಿದರು ಅಂತ ಹೇಳುವಾಗ ನಮ್ಮ ಕಣ್ಣು ತುಂಬುತ್ತದೆ. ಆ ಹೊತ್ತಿನಲ್ಲಿ ಉಳಿದ ಉಳ್ಳವರೆಲ್ಲ ಏನು ಮಾಡುತ್ತಿದ್ದರು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಈಗ ಬೇಂದ್ರೆಯವರ ವಿಷಯಕ್ಕೆ ಬರೋಣ. ಅವರ ಕಷ್ಟವನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ, ಆದರೆ ಅದು ಒಂದೇ ಕಷ್ಟವಲ್ಲ. 'ನರಬಲಿ' ಕವನ ರಾಜದ್ರೋಹ ಅಂತ ಬ್ರಿಟಿಷ್ ಸರ್ಕಾರಕ್ಕೆ ಕಂಡಿತು. 1932ರಲ್ಲಿ ಹಿಂಡಲಗಾ ಜೈಲಿಗೆ ಹಾಕಿದರು, ಆಮೇಲೆ ಧಾರವಾಡದ ಹತ್ತಿರದ ಮುಗದದಲ್ಲಿ ನಜರಬಂದಿಯಾಗಿ ಇಟ್ಟರು. ಮಾಸ್ತರಿಕೆ ಹೋಯಿತು. ಶಿಕ್ಷೆಯಾದ ಮಾಸ್ತರರಿಗೆ ಮತ್ತೆ ಯಾರು ಕೆಲಸ ಕೊಡುತ್ತಾರೆ? 1935ರಲ್ಲಿ ಎಂ.ಎ. ಮಾಡಿಕೊಂಡರೂ ಗಟ್ಟಿ ನೌಕರಿ ಅಂತ ಸಿಕ್ಕಿದ್ದು 1944ರಲ್ಲಿ, ಅದೂ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ. ಅದಕ್ಕಿಂತ ಒಂದು ವರ್ಷ ಮೊದಲು, 1943ರಲ್ಲಿ, ಶಿವಮೊಗ್ಗದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು! ಇಡೀ ನಾಡು ತಲೆ ಮೇಲೆ ಹೊತ್ತ ಕವಿಗೆ ಕೂತು ಉಣ್ಣುವಷ್ಟು ಸಂಬಳದ ಒಂದು ಕುರ್ಚಿ ಸ್ವಂತ ಊರಲ್ಲಿ ಸಿಗಲಿಲ್ಲ. ಇದು ಹಣೆಬರಹ ಅಲ್ಲ. ಮೊದಲ ಏಟು ಸರ್ಕಾರದ್ದು, ಆಮೇಲಿನದು ನಮ್ಮ ಸಂಸ್ಥೆಗಳದ್ದು.

ಮಕ್ಕಳ ಸಾವು ಬೇರೆ ಥರದ ಸಂಕಟ. ಲಸಿಕೆ, ಔಷಧ ಸರಿಯಾಗಿ ಇಲ್ಲದ ಆ ಕಾಲದಲ್ಲಿ ಮನೆಮನೆಯಲ್ಲೂ ಮಕ್ಕಳು ಹೋಗುತ್ತಿದ್ದವು. ನಮ್ಮ ಮುತ್ತಜ್ಜಿಯರು ಎಷ್ಟು ಹೆತ್ತರು, ಎಷ್ಟು ಉಳಿದವು ಅಂತ ನಿಮ್ಮ ಮನೆಯಲ್ಲೇ ಕೇಳಿ. ಅವರೆಲ್ಲರೂ ಅಷ್ಟೇ ಅತ್ತರು. ಅವರು ಯಾರೂ ಮಗು ಹೋದ ಸಂಕಟಕ್ಕೆ ಬೇಂದ್ರೆ ಬರೆದ 'ನೀ ಹೀಂಗ ನೋಡಬ್ಯಾಡ ನನ್ನ' ಅಂಥದ್ದನ್ನು ಬರೆಯಲಿಲ್ಲ. ನೋವಿನಿಂದಲೇ ಕವನ ಹುಟ್ಟುವುದಾದರೆ ಆ ಕಾಲದ ಓಣಿಗೊಬ್ಬ ಬೇಂದ್ರೆ ಇರಬೇಕಿತ್ತು.

ಆ ಹಾಡಿನಲ್ಲಿ ಆಗುವುದೇನು ಅಂತ ಹತ್ತಿರ ಹೋಗಿ ನೋಡಿ. ಗಂಡ ಹೆಂಡತಿಗೆ ಹೇಳುತ್ತಾನೆ, ನೀನು ಹೀಗೆ ನೋಡಿದರೆ ನಾನು ನಿನ್ನನ್ನು ಹೇಗೆ ನೋಡಲಿ ಅಂತ. ನಕ್ಕು ದುಃಖ ಮುಚ್ಚಿಡಬೇಡ, ತುಟಿ ಕಚ್ಚಿ ಬಿಕ್ಕು ಹಿಡಿಯಬೇಡ, ಅತ್ತುಬಿಡು ಅನ್ನುತ್ತಾನೆ. ಅಲ್ಲಿ ಇಬ್ಬರೇ ಇದ್ದಾರೆ, ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಆ ಧಾರವಾಡದ ಆಡುಮಾತು, ಆ ಲಯ, ಒಂದೊಂದು ಸಾಲನ್ನೂ ತಿಕ್ಕಿ ತೀಡಿದ ಕೈ, ಇದೆಲ್ಲ ಕಲಿಕೆ ಮತ್ತು ದುಡಿಮೆ. 'ಎನ್ನ ಪಾಡೆನಗಿರಲಿ' ಅಂತ ಅವರೇ ಓದುಗನಿಗೆ ಹೇಳಿದ್ದಾರೆ, ಹಾಡನ್ನಷ್ಟೇ ಕೊಡುತ್ತೇನೆ ಅಂದಿದ್ದಾರೆ. ನಾವು ಹಾಡು ಬಿಟ್ಟು ಪಾಡನ್ನು ಹಿಡಿದುಕೊಂಡೆವು.

ಹಾಗೆ ಹಿಡಿದುಕೊಳ್ಳಲಿಕ್ಕೆ ಶಾಲೆಯ ಪುಸ್ತಕವೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ. ಪ್ರತಿ ಪಾಠಕ್ಕೂ ಒಂದು ಕವಿ ಪರಿಚಯ. ಹುಟ್ಟಿದ ವರ್ಷ, ಊರು, ತಂದೆ ತಾಯಿ, ಪ್ರಶಸ್ತಿ. ಪರೀಕ್ಷೆಗೆ ಅದೇ ಬರುತ್ತದೆ, ತಲೆಯಲ್ಲಿ ಅದೇ ಉಳಿಯುತ್ತದೆ. ಈಗ ಮೊಬೈಲ್‌ನಲ್ಲಿ ಓಡಾಡುವ ಎರಡು ನಿಮಿಷದ ವಿಡಿಯೋಗಳಲ್ಲೂ ಅಷ್ಟೇ, ಹಿಂದೆ ಕೊಳಲು, ಮುಂದೆ ಕವಿಯ ಕಣ್ಣೀರು, ಕವನದ ಎರಡು ಸಾಲು ಇದ್ದರೆ ಜಾಸ್ತಿ.

ಮರುಕ ಬೇಡ ಅಂತ ಬದುಕಿದವರೂ ನಮ್ಮಲ್ಲಿದ್ದಾರೆ. ಗದಗಿನ ಪುಟ್ಟರಾಜ ಗವಾಯಿಗಳಿಗೆ ಚಿಕ್ಕ ಕೂಸಾಗಿದ್ದಾಗಲೇ ಕಣ್ಣು ಹೋದವು. ಅವರ ಗುರು ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ. ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮ ನಡೆಸಲಿಕ್ಕೆ ಅವರು ನಾಟಕ ಕಂಪನಿ ಕಟ್ಟಿದರು. ಪುಟ್ಟರಾಜರು ತಾವೇ ನಾಟಕ ಬರೆದರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದವರು ಅವರು. ಗದಗಿನಲ್ಲಿ ಅವರ ಪವಾಡದ ಕಥೆ ನೂರು ಸಿಗುತ್ತವೆ, ಅವರು ಬರೆದ ನಾಟಕ ಓದಿದವರನ್ನು ಹುಡುಕಬೇಕು.

ಕಷ್ಟದ ಬಗ್ಗೆ ಬರೆಯುವ ರೀತಿಯನ್ನೇ ತಿರುಗಿಸಿದ್ದು ದಲಿತ ಲೇಖಕರ ಆತ್ಮಕಥೆಗಳು. 1994ರಲ್ಲಿ ಬಂದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಓದಿ 'ಪಾಪ' ಅಂದು ಪುಸ್ತಕ ಮುಚ್ಚಲಿಕ್ಕೆ ಆಗುವುದಿಲ್ಲ. ಅಲ್ಲಿನ ಅವಮಾನಗಳಿಗೆಲ್ಲ ಜಾತಿ ಅನ್ನುವ ಕಾರಣ ಎದುರಿಗೇ ನಿಂತಿರುತ್ತದೆ. ಅದೇ ಕಣ್ಣಿನಿಂದ ಹಿಂದಿನವರ ಬದುಕನ್ನೂ ಓದಬೇಕಿತ್ತು. ಓದಲಿಲ್ಲ.

ಇನ್ನು ಇವತ್ತಿನ ಮಾತು. ಕಷ್ಟದಲ್ಲಿರುವ ಸಾಹಿತಿಗಳಿಗೆ, ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತದೆ, ಒಳ್ಳೆಯದೇ. ಆದರೆ ಅದು ಸಿಗುವುದು ವಯಸ್ಸಾದ ಮೇಲೆ. ಅದಕ್ಕೂ ಮುಂಚೆ, ಕೈಯಲ್ಲಿ ಬಲ ಇದ್ದಾಗ ಎಷ್ಟೋ ಜನ ಸ್ವಂತ ದುಡ್ಡಲ್ಲಿ ಪುಸ್ತಕ ಅಚ್ಚು ಹಾಕಿಸಿ ಕೈ ಸುಟ್ಟುಕೊಂಡಿರುತ್ತಾರೆ. ಗ್ರಂಥಾಲಯಗಳ ಸಗಟು ಖರೀದಿಯ ಹಣ ತಡವಾಗುತ್ತದೆ ಅಂತ ಪ್ರಕಾಶಕರು ಮತ್ತೆ ಮತ್ತೆ ಹೇಳುತ್ತಲೇ ಇದ್ದಾರೆ. ಗಳಗನಾಥರ ಗಂಟು ಈಗ ಮನೆಯ ಅಟ್ಟದ ಮೇಲಿದೆ, ಅಷ್ಟೇ ವ್ಯತ್ಯಾಸ.

ಇದಕ್ಕೆ ಧಾರವಾಡದಲ್ಲೇ ಒಂದು ದಾರಿ ಆವತ್ತೇ ಹುಡುಕಿದ್ದರು. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ಓದುಗರಿಂದ ಮೊದಲೇ ಚಂದಾ ಪಡೆದು ಪುಸ್ತಕ ಕೊಡುವ ಪದ್ಧತಿ ತಂದರು. ಲೇಖಕ ಗಂಟು ಹೊರುವುದು ತಪ್ಪಿತು, ಪುಸ್ತಕ ಬರುವ ಮೊದಲೇ ಓದುಗ ಇದ್ದ. ಎಷ್ಟೋ ದೊಡ್ಡ ಲೇಖಕರು ಬೆಳೆದದ್ದು ಆ ಚಂದಾದಾರರ ಬಲದಿಂದ. ಸುಭಾಸ ರಸ್ತೆಯಲ್ಲಿ ಆ ಮಾಲೆ ಇನ್ನೂ ಇದೆ, ಪುಸ್ತಕ ಇನ್ನೂ ಬರುತ್ತಿವೆ. ಬೇಂದ್ರೆಯವರ ಮಕ್ಕಳ ಕಥೆ ಹೇಳಿ ಕಣ್ಣೊರೆಸಿಕೊಳ್ಳುವ ನಮ್ಮೂರಿನವರಲ್ಲಿ ಎಷ್ಟು ಜನ ಈ ವರ್ಷ ಬದುಕಿರುವ ಒಬ್ಬ ಲೇಖಕನ ಪುಸ್ತಕಕ್ಕೆ ದುಡ್ಡು ಕೊಟ್ಟಿದ್ದಾರೆ ಅಂತ ತಿಳಿಯುವ ಆಸೆ ನನಗೆ.