ಸೋಂಕು ಬರುವ ಮೊದಲೇ ಆಗಬೇಕಾದ ಮಾತುಕತೆ

1918ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಫ್ಲೂ ಜೋರಾಗಿತ್ತು. ನಗರದ ಆರೋಗ್ಯ ಆಯುಕ್ತ ರಾಯಲ್ ಕೋಪ್‌ಲೆಂಡ್ ಎಲ್ಲ ಅಂಗಡಿಗಳ ಬಾಗಿಲು ಹಾಕಿಸಲಿಲ್ಲ, ಬಾಗಿಲು ತೆಗೆಯುವ ಹೊತ್ತನ್ನು ಬದಲಿಸಿದರು. ಕಚೇರಿಗೊಂದು ಸಮಯ, ಅಂಗಡಿಗೊಂದು, ಕಾರ್ಖಾನೆಗೊಂದು, ನಾಟಕ ಮಂದಿರಕ್ಕೆ ಇನ್ನೊಂದು. ಸುರಂಗ ರೈಲಿನಲ್ಲಿ ಎಲ್ಲರೂ ಒಂದೇ ಹೊತ್ತಿಗೆ ತುಂಬಿಕೊಳ್ಳಬಾರದು ಅನ್ನುವುದೇ ಲೆಕ್ಕಾಚಾರ. ಅದಕ್ಕಾಗಿ ಯಾವ ವ್ಯಾಪಾರಿಯೂ ದೇಣಿಗೆ ಕೊಡಬೇಕಾಗಲಿಲ್ಲ. ತನ್ನ ವೇಳಾಪಟ್ಟಿಯನ್ನು ಊರಿನ ವೇಳಾಪಟ್ಟಿಗೆ ಹೊಂದಿಸಿಕೊಂಡರೆ ಸಾಕಿತ್ತು.

ಮಹಾಮಾರಿಯ ಹೊತ್ತಲ್ಲಿ ಕಂಪನಿಗಳ ಪಾತ್ರದ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಈ ವೇಳಾಪಟ್ಟಿ ನೆನಪಾಗುತ್ತದೆ. ನಾವು ಸಾಮಾನ್ಯವಾಗಿ ಚೆಕ್ಕು, ಕಿಟ್ಟು, ಫೋಟೋಗಳ ಬಗ್ಗೆಯೇ ಜಾಸ್ತಿ ಮಾತಾಡುತ್ತೇವೆ. ಆದರೆ ನೂರು ವರ್ಷದ ಚರಿತ್ರೆ ತಿರುವಿ ನೋಡಿದರೆ, ಕಂಪನಿಗಳು ಕೊಟ್ಟ ದೊಡ್ಡ ನೆರವು ಬಹಳ ಸಲ ತಮ್ಮ ಕೆಲಸದ ರೀತಿಯನ್ನೇ ಬದಲಿಸಿಕೊಂಡದ್ದು. ಆ ಬದಲಾವಣೆ ಸಲೀಸಾಗಿ ಆದದ್ದು, ಯಾರು ಏನು ಮಾಡಬೇಕು, ಖರ್ಚು ಯಾರದು ಅನ್ನುವುದು ಮೊದಲೇ ತೀರ್ಮಾನವಾಗಿದ್ದ ಕಡೆ.

ಅದೇ 1918ರಲ್ಲಿ ಅಮೆರಿಕದ ಬೇರೆ ಎರಡು ನಗರಗಳಲ್ಲಿ ಏನಾಯಿತು ನೋಡಿ. ಫಿಲಡೆಲ್ಫಿಯಾದಲ್ಲಿ ಸೆಪ್ಟೆಂಬರ್ 17ಕ್ಕೇ ಊರ ಜನರಲ್ಲಿ ಫ್ಲೂ ಕಾಣಿಸಿಕೊಂಡಿತ್ತು. ಆದರೂ 28ಕ್ಕೆ ಯುದ್ಧದ ಖರ್ಚಿಗಾಗಿ ಸಾಲಪತ್ರ ಮಾರುವ ಮೆರವಣಿಗೆ ನಡೆಯಿತು, ಸುಮಾರು 2 ಲಕ್ಷ ಜನ ಸೇರಿದರು. ಶಾಲೆ, ಚರ್ಚು, ಚಿತ್ರಮಂದಿರಗಳನ್ನು ಮುಚ್ಚಿದ್ದು ಅಕ್ಟೋಬರ್ 3ಕ್ಕೆ. ಸೇಂಟ್ ಲೂಯಿಸ್‌ನಲ್ಲಿ ಅಕ್ಟೋಬರ್ 5ಕ್ಕೆ ಮೊದಲ ರೋಗಿಗಳು ಕಂಡರು, 7ಕ್ಕೇ ಆರೋಗ್ಯ ಆಯುಕ್ತ ಮ್ಯಾಕ್ಸ್ ಸ್ಟಾರ್ಕ್‌ಲಾಫ್ ಮುಚ್ಚಿಸಿದರು. ಸಾವು ತುತ್ತತುದಿಗೆ ಏರಿದ ವಾರದಲ್ಲಿ, ಮಾಮೂಲಿಗಿಂತ ಹೆಚ್ಚಾಗಿ ಆದ ಸಾವು ಫಿಲಡೆಲ್ಫಿಯಾದಲ್ಲಿ ಲಕ್ಷ ಜನರಿಗೆ 257, ಸೇಂಟ್ ಲೂಯಿಸ್‌ನಲ್ಲಿ 31.

ಬೇಗ ಮುಚ್ಚಿದ್ದಕ್ಕೆ ಸೇಂಟ್ ಲೂಯಿಸ್‌ನ ವ್ಯಾಪಾರಿಗಳು ತಕರಾರು ತೆಗೆದರು. ಅದನ್ನು ಬರೀ ದುರಾಸೆ ಅಂತ ತಳ್ಳಿಹಾಕುವುದು ಸರಿಯಲ್ಲ. ಬಾಗಿಲು ಹಾಕಿದ ದಿನ ಬಾಡಿಗೆ ನಿಲ್ಲುವುದಿಲ್ಲ, ಕೆಲಸದವರ ಹೊಟ್ಟೆಯೂ ಕಾಯುವುದಿಲ್ಲ. ಊರಿನ ಜೀವ ಉಳಿಸಲು ಒಬ್ಬನಿಗೆ ಆದ ನಷ್ಟವನ್ನು ಯಾರು ತುಂಬಿಕೊಡಬೇಕು? ಈ ಪ್ರಶ್ನೆಗೆ 1918ರಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ಎಚ್‌ಐವಿ ಬಂದಾಗ ಪ್ರಶ್ನೆ ಬೇರೆಯಾಯಿತು. ಇದು ಕೆಲವು ವಾರಗಳ ಬಾಗಿಲು ಹಾಕುವಿಕೆಯಲ್ಲ, ವರ್ಷಗಟ್ಟಲೆ ಔಷಧಿಯ ಮಾತು. ಆ ಔಷಧಿಯ ಬೆಲೆಯ ವಿಷಯದಲ್ಲಿ ಕಂಪನಿಗಳು ಮತ್ತು ಸರ್ಕಾರ ಎದುರುಬದುರಾಗಿಯೇ ನಿಂತವು. ಅಗ್ಗದ ಔಷಧಿಗೆ ದಾರಿ ಮಾಡುವ ದಕ್ಷಿಣ ಆಫ್ರಿಕಾದ ಕಾನೂನಿನ ವಿರುದ್ಧ 39 ಔಷಧಿ ಕಂಪನಿಗಳು ಕೋರ್ಟಿಗೆ ಹೋದವು. 2001ರ ಫೆಬ್ರವರಿಯಲ್ಲಿ ಭಾರತದ ಸಿಪ್ಲಾ, ಒಬ್ಬ ರೋಗಿಯ ಒಂದು ವರ್ಷದ ಔಷಧಿಯನ್ನು ಗಡಿಗಳಿಲ್ಲದ ವೈದ್ಯರ ಸಂಸ್ಥೆಗೆ 350 ಡಾಲರ್‌ಗೆ ಕೊಡುತ್ತೇನೆ ಎಂದಿತು. ಆಗ ಶ್ರೀಮಂತ ದೇಶಗಳಲ್ಲಿ ಅದಕ್ಕೆ 10 ಸಾವಿರ ಡಾಲರ್‌ಗೂ ಮೇಲೆ ಆಗುತ್ತಿತ್ತು. ಬೀದಿಗಿಳಿದ ರೋಗಿಗಳ ಸಂಘಟನೆಗಳ ಒತ್ತಡವೂ ಸೇರಿ ಏಪ್ರಿಲ್‌ನಲ್ಲಿ ಆ 39 ಕಂಪನಿಗಳು ಮೊಕದ್ದಮೆ ಹಿಂತೆಗೆದುಕೊಂಡವು. ಜನಸಮುದಾಯ ಅಂದರೆ ಬರೀ ನೆರವು ಪಡೆಯುವವರು ಅನ್ನುವ ಎಣಿಕೆ ಅಲ್ಲಿಗೇ ಮುರಿದುಬಿತ್ತು.

ಮರುವರ್ಷ, 2002ರ ಆಗಸ್ಟ್‌ನಲ್ಲಿ, ಗಣಿ ಕಂಪನಿ ಆಂಗ್ಲೊ ಅಮೆರಿಕನ್ ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಇರುವ ತನ್ನ ನೌಕರರಿಗೆ ಉಚಿತ ಚಿಕಿತ್ಸೆ ಕೊಡುವುದಾಗಿ ಹೇಳಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಶುರುವಾದದ್ದು 2004ರಲ್ಲಿ. ಕಂಪನಿ ಸರ್ಕಾರಕ್ಕಿಂತ ಮುಂದೆ ಹೆಜ್ಜೆ ಇಟ್ಟದ್ದು ದೊಡ್ಡ ವಿಷಯವೇ. ಆದರೆ ಚಿಕಿತ್ಸೆ ಮೊದಲಿಗೆ ನೌಕರರಿಗಷ್ಟೇ ಸಿಕ್ಕಿತು. ಅದೇ ಮನೆಯ ಹೆಂಡತಿ, ಮಕ್ಕಳ ಗತಿ? ಸೋಂಕಿಗೆ ಕಂಪನಿಯ ಗೇಟು ಗೊತ್ತಾಗುವುದಿಲ್ಲ.

ಗೇಟಿನ ಆಚೆಗೂ ಕೈ ಚಾಚಿದ ಉದಾಹರಣೆ ಪಶ್ಚಿಮ ಆಫ್ರಿಕಾದ ಲೈಬೀರಿಯಾದ್ದು. ಅಲ್ಲಿನ ಎಬೋಲಾ ಜಗತ್ತಿಗೆಲ್ಲ ಹರಡಿದ ಮಹಾಮಾರಿಯಲ್ಲ ನಿಜ, ಆದರೆ ಪಾಠ ಅದೇ. 2014ರ ಮಾರ್ಚ್ ಕೊನೆಯಲ್ಲಿ ಫೈರ್‌ಸ್ಟೋನ್‌ನ ರಬ್ಬರ್ ತೋಟದ ನೌಕರರೊಬ್ಬರ ಹೆಂಡತಿಗೆ ಎಬೋಲಾ ಕಾಣಿಸಿಕೊಂಡಿತು. ನೌಕರರು, ಅವರ ಮನೆಯವರು ಎಲ್ಲ ಸೇರಿ ಆ ತೋಟದ ಸುತ್ತ ಸುಮಾರು 80 ಸಾವಿರ ಜನ. ಆಕೆಯನ್ನು ಕಳಿಸೋಣ ಅಂದರೆ ಸೇರಿಸಿಕೊಳ್ಳುವ ಆಸ್ಪತ್ರೆ ಬೇರೆಲ್ಲೂ ಸಿಗಲಿಲ್ಲ. ಕಂಪನಿಯವರು ತಮ್ಮದೇ ಆಸ್ಪತ್ರೆಯ ಆವರಣದಲ್ಲಿ ಒಂದೇ ದಿನದಲ್ಲಿ ಪ್ರತ್ಯೇಕ ವಾರ್ಡ್ ಸಿದ್ಧ ಮಾಡಿದರು. ಮೈಮುಚ್ಚುವ ಸೂಟು? ರಾಸಾಯನಿಕ ಚೆಲ್ಲಿದಾಗ ಹಾಕಿಕೊಳ್ಳಲು ಇಟ್ಟಿದ್ದನ್ನೇ ತೆಗೆದರು. ಆಕೆ ಉಳಿಯಲಿಲ್ಲ. ಆದರೆ ಮನೆಯವರಿಗಾಗಲಿ ಆರೈಕೆ ಮಾಡಿದವರಿಗಾಗಲಿ ರೋಗ ದಾಟಲಿಲ್ಲ.

ಆಗಸ್ಟ್‌ನಲ್ಲಿ ಎರಡನೇ ಅಲೆ ಬಂದಾಗ ರೋಗಿಗಳ ಸಂಖ್ಯೆ ಏರಿತು. ರೋಗಿಯ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಪಟ್ಟಿ ಮಾಡಿದರು, ಪ್ರತ್ಯೇಕವಾಗಿ ಉಳಿಯಲು ಮುಚ್ಚಿದ ಶಾಲೆಗಳಲ್ಲಿ ಜಾಗ ಮಾಡಿದರು. ಕೆಲಸವಿಲ್ಲದೆ ಕೂತಿದ್ದ ಮೇಷ್ಟ್ರುಗಳು ಮನೆ ಮನೆಗೆ ಹೋಗಿ ತಿಳಿಹೇಳಿದರು. ಗುಣವಾದವರನ್ನು ನೆರೆಹೊರೆಯವರು ಹೆದರದೆ ಮತ್ತೆ ಸೇರಿಸಿಕೊಳ್ಳುವಂತೆ ನೋಡಿಕೊಂಡರು. ಈ ಕೊನೆಯ ಕೆಲಸವೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಗುಣವಾಗಿ ಬಂದರೂ ಊರು ಸೇರಿಸುವುದಿಲ್ಲ ಅಂದರೆ ರೋಗವನ್ನು ಯಾರು ತಾನೇ ಹೇಳಿಕೊಳ್ಳುತ್ತಾರೆ?

ಒಂದು ಮಾತು ಇಲ್ಲಿ ಹೇಳಲೇಬೇಕು. ಆ ಕಂಪನಿಗೆ ಅಲ್ಲಿ ಆಸ್ಪತ್ರೆ, ಶಾಲೆ, ಮನೆ ಎಲ್ಲವೂ ಮೊದಲೇ ಇತ್ತು. ಯಾರ ಮನೆ ಎಲ್ಲಿ, ಯಾರ ಜೊತೆ ಯಾರಿದ್ದಾರೆ ಅನ್ನುವುದೂ ಗೊತ್ತಿತ್ತು. ಹಾಗೆ ಒಂದು ಇಡೀ ಪ್ರದೇಶ ಒಂದೇ ಕಂಪನಿಯ ಕೈಲಿರುವುದು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆ ನಂಟು, ಆ ಗುರುತು ಅಲ್ಲಿ ರೋಗ ಬಂದ ಮೇಲೆ ಹುಟ್ಟಿದ್ದಲ್ಲ ಅನ್ನುವುದಷ್ಟೇ ನನ್ನ ಮಾತು.

2020ರ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಮಹಾಮಾರಿ ಎಂದು ಕರೆಯಿತು. ನಾಲ್ಕೇ ದಿನಗಳಲ್ಲಿ ಡೆನ್ಮಾರ್ಕ್‌ನಲ್ಲಿ ಸರ್ಕಾರ, ಮಾಲೀಕರ ಒಕ್ಕೂಟ, ಕಾರ್ಮಿಕ ಸಂಘಗಳು ಒಂದು ಒಪ್ಪಂದಕ್ಕೆ ಬಂದವು. ಕೆಲಸವಿಲ್ಲದೆ ಮನೆಗೆ ಕಳಿಸಿದ ತಿಂಗಳ ಸಂಬಳದವರಿಗೆ ಸರ್ಕಾರ 75 ಶೇಕಡಾ ಸಂಬಳ ಕೊಡುತ್ತದೆ, ಒಂದು ಮಿತಿಯವರೆಗೆ. ಉಳಿದದ್ದು ಕಂಪನಿಯದು. ಕಂಪನಿ ಹಣದ ಕಾರಣಕ್ಕೆ ಯಾರನ್ನೂ ತೆಗೆಯುವಂತಿಲ್ಲ. ನೌಕರರು 5 ದಿನದ ರಜೆ ಬಿಟ್ಟುಕೊಡಬೇಕು. ಮೂರೂ ಕಡೆಯವರು ಏನಾದರೂ ಕಳೆದುಕೊಂಡರು, ಹಾಗಾಗಿ ಮೂರೂ ಕಡೆಯವರು ಒಪ್ಪಿದರು. 1918ರ ವ್ಯಾಪಾರಿಗಳ ಪ್ರಶ್ನೆಗೆ ಇಲ್ಲೊಂದು ಉತ್ತರ ಸಿಕ್ಕಿತು. ಅಷ್ಟು ಬೇಗ ಹೇಗೆ ಸಾಧ್ಯವಾಯಿತು? ಅಲ್ಲಿನ ಮಾಲೀಕರು ಮತ್ತು ಕಾರ್ಮಿಕ ಸಂಘಗಳು ಒಬ್ಬರನ್ನೊಬ್ಬರು ಮಾನ್ಯ ಮಾಡಿದ ಒಪ್ಪಂದ 1899ರದ್ದು. ಎದುರು ಕೂತು ಮಾತಾಡುವುದು ಅವರಿಗೆ ನೂರಿಪ್ಪತ್ತು ವರ್ಷದ ರೂಢಿ.

ಉತ್ಪಾದನೆಯ ಕಡೆಯೂ ಒಳ್ಳೆಯ ಕೆಲಸಗಳಾದವು. ಮರ್ಸಿಡಿಸ್‌ನ ಫಾರ್ಮುಲಾ ಒನ್ ಎಂಜಿನಿಯರುಗಳು ಲಂಡನ್‌ನ ಯೂನಿವರ್ಸಿಟಿ ಕಾಲೇಜಿನವರ ಜೊತೆ ಸೇರಿ 100 ಗಂಟೆಯೊಳಗೆ ಉಸಿರಾಟಕ್ಕೆ ನೆರವಾಗುವ ಸಾಧನದ ಮೊದಲ ಮಾದರಿ ಮಾಡಿದರು, ಆಮೇಲೆ ಅದರ ವಿನ್ಯಾಸವನ್ನೂ ಉಚಿತವಾಗಿ ಹಂಚಿದರು. ಆಸ್ಟ್ರೇಲಿಯಾದಲ್ಲಿ ಎದುರಾಳಿ ಸೂಪರ್‌ಮಾರ್ಕೆಟ್‌ಗಳು ಸರಕು ಸಾಗಣೆಯ ಬಗ್ಗೆ ಪರಸ್ಪರ ಮಾತಾಡಿಕೊಳ್ಳಲು ಕಂಪನಿಗಳ ನಡುವೆ ನ್ಯಾಯವಾದ ಪೈಪೋಟಿ ಇರುವಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗವೇ ತಾತ್ಕಾಲಿಕ ಅನುಮತಿ ಕೊಟ್ಟಿತು. ಆದರೆ ಬೆಲೆ ಮಾತಾಡಿಕೊಳ್ಳುವಂತಿಲ್ಲ ಎಂದು ಗೆರೆಯನ್ನೂ ಎಳೆಯಿತು.

ಗೆರೆ ಎಳೆಯದಿದ್ದರೆ ಏನಾಗುತ್ತದೆ ಅನ್ನುವುದನ್ನು ಬ್ರಿಟನ್‌ನಲ್ಲಿ ನೋಡಿದೆವು. ಮಾಸ್ಕು, ಗೌನು ಕೊಳ್ಳುವಾಗ ಅಲ್ಲಿ ಸಚಿವರು, ಸಂಸದರು, ಅಧಿಕಾರಿಗಳು ಹೆಸರು ಹೇಳಿದ ಕಂಪನಿಗಳಿಗೆ ಬೇರೆ ಸಾಲೇ ಇತ್ತು. ಆ ಸಾಲಿನಲ್ಲಿದ್ದವರಿಗೆ ಗುತ್ತಿಗೆ ಸಿಗುವ ಸಾಧ್ಯತೆ ಸುಮಾರು ಹತ್ತು ಪಟ್ಟು ಜಾಸ್ತಿ ಎಂದು ಅಲ್ಲಿನ ಲೆಕ್ಕ ಪರಿಶೋಧಕರು ಹೇಳಿದರು. 2022ರ ಜನವರಿಯಲ್ಲಿ ಹೈಕೋರ್ಟ್ ಅದನ್ನು ಕಾನೂನುಬಾಹಿರ ಎಂದಿತು. ತುರ್ತು ಅಂದಮಾತ್ರಕ್ಕೆ ಲೆಕ್ಕ ಮುಚ್ಚಿಡಬಹುದು ಅಂತಲ್ಲ. ಜನ ಸಾಯುತ್ತಿರುವಾಗ ಇಂಥದ್ದು ನಡೆದರೆ ಮುಂದೆ ಪ್ರಾಮಾಣಿಕ ಕಂಪನಿಯನ್ನೂ ಜನ ನಂಬುವುದಿಲ್ಲ.

ಅಮೆರಿಕದ ಸೂ ಫಾಲ್ಸ್‌ನ ಮಾಂಸ ಸಂಸ್ಕರಣಾ ಘಟಕದ ಕಥೆ ಇನ್ನೂ ನೋವಿನದು. ಸ್ಮಿತ್‌ಫೀಲ್ಡ್ ಕಂಪನಿಯ ಆ ಘಟಕದಲ್ಲಿ 3,700 ಜನ ಕೆಲಸಗಾರರು, ಅವರ ನಡುವೆ ಸುಮಾರು 40 ಭಾಷೆಗಳು. 2020ರ ಏಪ್ರಿಲ್ ತಿಂಗಳ ಪಾಳಿಗಳನ್ನು ಬಿಡದೆ ಮುಗಿಸಿದವರಿಗೆ 500 ಡಾಲರ್ ಬೋನಸ್ ಎಂದು ಕಂಪನಿ ಹೇಳಿತ್ತು. ಜ್ವರ ಬಂದವನಿಗೆ ಇದು ಏನು ಹೇಳುತ್ತದೆ? ಮನೆಯಲ್ಲಿರು ಅಂತ ಖಂಡಿತ ಅಲ್ಲ. ಸೋಂಕು ಹರಡಿ, ಏಪ್ರಿಲ್ ಮಧ್ಯದ ಹೊತ್ತಿಗೆ ಘಟಕವನ್ನೇ ಮುಚ್ಚಬೇಕಾಯಿತು. ಕೂಲಿ ಕಡಿತವಿಲ್ಲದ ಕಾಯಿಲೆ ರಜೆ, ಕೆಲಸದವರ ಭಾಷೆಯಲ್ಲಿ ಸೂಚನೆ, ಗುತ್ತಿಗೆ ಕೆಲಸಗಾರರಿಗೂ ಅದೇ ನಿಯಮ, ಹತ್ತಿರದ ಆರೋಗ್ಯ ಕಚೇರಿಯಲ್ಲಿ ಯಾರಿಗೆ ಫೋನ್ ಮಾಡಬೇಕೆಂಬ ಮಾಹಿತಿ: ಯಾವ ಕಂಪನಿಯಾದರೂ ಇವನ್ನು ಸೋಂಕಿಲ್ಲದ ದಿನವೇ ಬರೆದಿಟ್ಟುಕೊಳ್ಳಬಹುದು. ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ.

ದೇಶ ದೇಶಗಳ ನಡುವಿನ ಕೊಡುಕೊಳ್ಳುವಿಕೆಗೆ ಮಾತ್ರ ಸರ್ಕಾರಗಳೇ ಕೂರಬೇಕು. 2007ರಲ್ಲಿ ಇಂಡೋನೇಷ್ಯಾ ತನ್ನ ಹಕ್ಕಿಜ್ವರದ ವೈರಸ್ ಮಾದರಿಗಳನ್ನು ಹಂಚಿಕೊಳ್ಳಲು ಒಪ್ಪಲಿಲ್ಲ. ನಮ್ಮ ಮಾದರಿಯಿಂದ ಕಂಪನಿಗಳು ಲಸಿಕೆ ಮಾಡುತ್ತವೆ, ಅದನ್ನು ಕೊಳ್ಳಲು ನಮಗೇ ಆಗುವುದಿಲ್ಲ ಅನ್ನುವುದು ಅದರ ದೂರು. ನ್ಯಾಯವಾದ ದೂರು. ಅದರಿಂದ ಶುರುವಾದ ಮಾತುಕತೆ 2011ರಲ್ಲಿ ಒಂದು ಚೌಕಟ್ಟಿಗೆ ಬಂತು. ಅದರ ಪ್ರಕಾರ ಫ್ಲೂ ಲಸಿಕೆ, ಔಷಧಿ, ಪರೀಕ್ಷಾ ಕಿಟ್ ತಯಾರಿಸುವ ಕಂಪನಿಗಳು ಸೇರಿ ವಿಶ್ವ ಆರೋಗ್ಯ ಸಂಸ್ಥೆಗೆ ವರ್ಷಕ್ಕೆ 2.8 ಕೋಟಿ ಡಾಲರ್ ಕೊಡಬೇಕು.

ಆ ಚೌಕಟ್ಟು ಇದ್ದದ್ದು ಫ್ಲೂ ಒಂದಕ್ಕೇ, ಕೋವಿಡ್‌ಗೆ ಅಲ್ಲ. 2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳ ಸಭೆ, ಒಪ್ಪಿದ ಮಹಾಮಾರಿ ಒಪ್ಪಂದ ಆ ಕೊರತೆ ತುಂಬಲು ಹೊರಟಿದೆ. ಅದಕ್ಕೆ ಸೇರುವ ಕಂಪನಿಗಳು ಮಹಾಮಾರಿಯ ಹೊತ್ತಲ್ಲಿ ತಾವು ತಯಾರಿಸಿದ ಲಸಿಕೆ, ಔಷಧಿ, ಪರೀಕ್ಷಾ ಕಿಟ್‌ಗಳಲ್ಲಿ 20 ಶೇಕಡಾದಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಸಿಗುವಂತೆ ಮಾಡಬೇಕು ಎಂಬುದು ಗುರಿ. ಅದರಲ್ಲಿ ಕನಿಷ್ಠ 10 ಶೇಕಡಾ ಉಚಿತ. ವಿವರಗಳನ್ನು ಒಂದು ಅನುಬಂಧಕ್ಕೆ ಬಿಟ್ಟಿದ್ದಾರೆ. ಆ ಅನುಬಂಧವನ್ನು ಸಭೆ ಒಪ್ಪಿದ ಮೇಲೆಯೇ ಒಪ್ಪಂದ ಸಹಿಗೆ ತೆರೆದುಕೊಳ್ಳುವುದು. ಆಮೇಲೆ 60 ದೇಶಗಳು ಅನುಮೋದಿಸಿದರಷ್ಟೇ ಅದು ಜಾರಿಗೆ ಬರುತ್ತದೆ.